ಹಿಂದ ಹೊಸದಾಗಿ ಕಟ್ಟಿದ ಎರಡು ಖೋಲಿಗೆ ಕರೆಂಟ್ ಎಲ್ಲಿಂದ ತಗೋಬೇಕು? ಅಡಗಿ ಮನಿ ಪಾಯಿಂಟಿಂದ ನಡೀತದೇನು?

ಚಿಂಚವಾಡದ ಬಿಜಾಪುರದಾಂವ

ಎಲ್ಲಾರಿಗೂ ನಮಸ್ಕಾರ್ರಿ. ಪುಣೆ ಕಡೆ ಮನಿ ಕಟ್ಟಿಸಿದವ್ರು, ಲೈಟಿನ ಕೆಲಸ ತಿಳದವ್ರು ಯಾರರೆ ಇದ್ರ ಸ್ವಲ್ಪ ಹೇಳ್ರಿ. ನಮ್ಮದು ಚಿಂಚವಾಡದಾಗ ತೊಂಬತ್ತರ ದಶಕದಾಗ ಕಟ್ಟಿದ ಮನಿ, ಬರೇ ಗ್ರೌಂಡ್ ಫ್ಲೋರ್. ಹಿಂದ ಖಾಲಿ ಬಿಟ್ಟಿದ್ದ ಜಾಗಾದಾಗ ಈಗ ಎರಡು ಖೋಲಿ ಒಂದು ಬಾತ್‌ರೂಮ್ ಎತ್ತೀವಿ. ಸ್ಲ್ಯಾಬ್ ಆಗೇದ, ಗೋಡಿ ಎದ್ದಾವ, ಪ್ಲಾಸ್ಟರ್ ಇನ್ನಾ ಆಗಿಲ್ಲ. ತಮ್ಮ ಹೆಂಡ್ತಿ ಮಕ್ಕಳನ್ನ ಕರಕೊಂಡು ಸೊಲ್ಲಾಪುರ ಬಿಟ್ಟು ಇಲ್ಲೇ ಬರಾಂವ ಇದ್ದಾನ, ಅವನ ಸಲುವಾಗೇ ಕಟ್ಟಸಾಕತ್ತೀವಿ.

ಮಿಸ್ತ್ರಿ ಹೇಳೋದು ಏನಂದ್ರ, ಅಡಗಿ ಮನ್ಯಾಗ ಹಿಂದಿನ ಗೋಡಿಗೆ 16 ಆಂಪಿಯರ್ ಪಾಯಿಂಟ್ ಒಂದು ಅದ (ಫ್ರಿಜ್ ಅದಕ್ಕ ಹಚ್ಚೀವಿ), ಅದರಿಂದನ ಲೂಪ್ ಹೊಡದು ಗೋಡಿಗೆ ಒಂದು ತೂತು ಹಾಕಿ ಆಚೆ ತಗೊಂಡ್ರ ಮುಗೀತು, ಮೀಟರ್ ತನಕ ಹೋಗೋ ಖರ್ಚು ಯಾಕ ಅಂತಾನ. ಎಸಿ ಗೀಸರ್ ಎಲ್ಲಾ ಕೂಡಿ ಟ್ರಿಪ್ ಆದ್ರ ಅಂತ ಕೇಳಿದ್ರ "ಕಾಹೀ ಹೋತ್ ನಾಹೀ ಸಾಹೇಬ್, ಎಂಸಿಬಿ ಬತ್ತೀಸ್‌ಚಾ ಟಾಕೂ" (ಏನೂ ಆಗಂಗಿಲ್ಲ, 32ರ ಎಂಸಿಬಿ ಹಾಕೂಣು) ಅಂತಾನ. ಮನಷ್ಯಾ ಛಲೋ ಇದ್ದಾನ, ನಮ್ಮ ಓಣ್ಯಾಗ ಎಲ್ಲಾ ಮನಿ ಅವನ ಕೈಯಾಗ ಆಗ್ಯಾವ, ಆದ್ರೂ ನನಗ ಯಾಕೋ ಮನಸ್ಸು ಒಪ್ಪವಲ್ದು.

ಹೊಸ ಕಡೆ ಬರೋದು ಇಷ್ಟು: ದೀಡ್ ಟನ್ನಿನ ಎಸಿ ಒಂದು, 2 ಕಿಲೋವ್ಯಾಟ್ ಗೀಸರ್, ವಾಶಿಂಗ್ ಮಶೀನ್ (ಬಿಸಿ ನೀರಿಂದು), ಟಿವಿ, ಮೂರು ಫ್ಯಾನು, ಲೈಟು. ತಮ್ಮನ ಹೆಂಡ್ತಿ ಇಂಡಕ್ಷನ್ ಒಲಿನೂ ತರ್ತಾಳಂತ, ಆಮ್ಯಾಲೆ ಸಂಜಿಕ್ಕ ಹುಡುಗುರ್ಗೆ ಟ್ಯೂಷನ್ ತಗೊಳ್ಳೋ ವಿಚಾರ ಅದ ಅಕಿದು. ಮೀಟರ್ ಗೇಟ್ ಬಾಜೂಕ ಡಬ್ಬಿಯಾಗ ಅದ, ಅಲ್ಲಿಂದ ಹೊಸ ಖೋಲಿಗೆ ಕಂಪೌಂಡ್ ಗೋಡಿ ಹಿಡದು ಹೋದ್ರ 22 ಮೀಟರ್ ಆಗ್ತದ, ಟೇಪ್ ಹಿಡದು ನೋಡೀನಿ. ಯಾವ ವಾಯರ್ ಹಾಕಬೇಕು, ಬ್ಯಾರೆ ಮೀಟರ್ ಕೊಡ್ತಾರೇನು, ಅರ್ಥಿಂಗ್ ಹೊಸಾದು ಬೇಕೇನು, ಸ್ವಲ್ಪ ತಿಳಿಸಿ ಹೇಳ್ರಿ.

ಕರೆಂಟ್ ಕಾಕಾ, ಭೋಸರಿ

ಮಿಸ್ತ್ರಿಗೆ ಒಂದು ಕಪ್ ಚಹಾ ಕುಡಿಸಿ ಆ ಲೂಪಿನ ಕೆಲಸ ಮದಲ ನಿಲ್ಲಸ್ರಿ.

ಎಂಸಿಬಿ ಅಂದ್ರ ಕರೆಂಟ್ ಜಾಸ್ತಿ ಆದ್ರ ತಾನೇ ಬಂದ್ ಆಗೋ ಸ್ವಿಚ್, ಅದು ಇರೋದು ವಾಯರ್ ಕಾಯಾಕ. ನಿಮ್ಮ ಅಡಗಿ ಮನಿ ಪಾಯಿಂಟಿಗೆ ಬಂದಿರೋ ವಾಯರ್ ಬಹಳ ಅಂದ್ರ ಎರಡೂವರಿ ಸ್ಕ್ವೇರ್ (ಸ್ಕ್ವೇರ್ ಎಂಎಂ, ವಾಯರಿನ ದಪ್ಪದ ಅಳತಿ) ಇರ್ತದ, ಆ ಕಾಲದ ಮನಿ ಅಂದಮ್ಯಾಲೆ ಒಳಗ ಅಲ್ಯೂಮಿನಿಯಮ್ ಇದ್ರೂ ಇರಬಹುದು. ಅದನ್ನ 16 ಇಲ್ಲಾ 20ರ ಎಂಸಿಬಿ ಕಾಯಬೇಕು. ಅಲ್ಲಿ 32 ಹಾಕಿದ್ರ ಟ್ರಿಪ್ ಆಗೋದು ನಿಂತ್ಹೋಗ್ತದ ಖರೆ, ಆದ್ರ ಗೋಡಿ ಒಳಗಿನ ವಾಯರೇ ಫ್ಯೂಸ್ ಆಗಿ ಕುಂದರ್ತದ. ಅದು ಸುಡಾಕತ್ತಿದ್ದು ನಿಮಗ ಗೊತ್ತಾಗೋದು ವಾಸನಿ ಬಂದಮ್ಯಾಲೆ.

ಈಗ ಲೆಕ್ಕ ನೋಡ್ರಿ. 230 ವೋಲ್ಟಿಗೆ 1 ಕಿಲೋವ್ಯಾಟ್ ಅಂದ್ರ ಹೆಚ್ಚುಕಮ್ಮಿ 4.3 ಆಂಪಿಯರ್. ಗೀಸರ್ 8.7, ವಾಶಿಂಗ್ ಮಶೀನ್ ನೀರು ಕಾಸಾಕತ್ತಾಗ ಅದೂ ಅಷ್ಟೇ ಹತ್ರ, ಎಸಿ ಒಂದು 7, ಫ್ಯಾನು ಲೈಟು ಟಿವಿ ಕೂಡಿ 2-3. ಇಂಡಕ್ಷನ್ ಹಿಡದ್ರ ಇನ್ನೊಂದು 8.7. ಎಲ್ಲಾ ಕೂಡಿಸಿದ್ರ 36ರ ಆಸುಪಾಸು, ಆದ್ರ ಎಲ್ಲಾ ಒಮ್ಮೆಲೇ ಯಾರೂ ಹಚ್ಚಂಗಿಲ್ಲ, ಮುಂಜಾನೆ ಎಸಿ ಬಂದ್ ಇರ್ತದ, ರಾತ್ರಿ ಗೀಸರ್ ಬಂದ್ ಇರ್ತದ, ಅದಕ್ಕ 25 ಆಂಪಿಯರ್ ಅಂತ ಹಿಡಕೊಂಡು ನಡೀರಿ.

22 ಮೀಟರ್ ಅಂದ್ರ ಹೋಗೋದು ಬರೋದು ಕೂಡಿ 44 ಮೀಟರ್ ತಾಮ್ರ. ಎರಡೂವರಿ ಸ್ಕ್ವೇರ್ ಹಾಕಿ 25 ಆಂಪಿಯರ್ ಎಳದ್ರ ದಾರ್ಯಾಗ 9 ವೋಲ್ಟ್ ಹತ್ರ ಹೋಗ್ತದ, 6 ಸ್ಕ್ವೇರ್ ಹಾಕಿದ್ರ ಮೂರೂವರಿ, 10 ಹಾಕಿದ್ರ ಎರಡರ ಆಸುಪಾಸು. ವೋಲ್ಟೇಜ್ ಹೋಗ್ಲಿ ಬಿಡ್ರಿ, ಆ ಎರಡೂವರಿ ವಾಯರಿನ್ಯಾಗ ಅಷ್ಟು ಕರೆಂಟಿಗೆ 220 ವ್ಯಾಟ್ ಶಾಖ ಪೈಪಿನೊಳಗ ಹುಟ್ಟತದ, ಎರಡು ದೊಡ್ಡ ಬಲ್ಬ್ ಗೋಡಿಯೊಳಗ ಹೂತಿಟ್ಟಂಗ. 10 ಸ್ಕ್ವೇರಿಗೆ ಅದು 50ರ ಹತ್ರ. 6 ಸ್ಕ್ವೇರ್ ನಡೀತದ, ತಪ್ಪಿಲ್ಲ, 32ರ ಎಂಸಿಬಿ ಅದರ ಮ್ಯಾಲೆ ಹಾಕಬಹುದು. ನಾನಾದ್ರ 10 ಹಾಕ್ತೀನಿ, ಯಾಕಂದ್ರ ತಮ್ಮ ಬಂದಮ್ಯಾಲೆ ಇನ್ನೊಂದು ಎಸಿ ಬಂದೇ ಬರ್ತದ, ಆವಾಗ ಪ್ಲಾಸ್ಟರ್ ಒಡಿಯಾಕ ಮನಸ್ಸು ಬರಂಗಿಲ್ಲ.

ಎಲ್ಲಿಂದ ತಗೋಬೇಕು ಅಂದ್ರ, ಮೀಟರ್ ಆದ ಕೂಡ್ಲೇ. ಮೀಟರ್ ಡಬ್ಬಿ ಬಾಜೂಕ ಒಂದು ಸಣ್ಣ ಡಿಬಿ (ಎಂಸಿಬಿ ಹಾಕೋ ಡಬ್ಬಿ) ಕುಂದರ್ಸಿ ಒಂದು ಡಬಲ್ ಪೋಲ್ (ಫೇಸು ನ್ಯೂಟ್ರಲ್ ಎರಡೂ ಕಟ್ ಮಾಡೋ) ಮೇನ್, ಅದರಿಂದ ಎರಡು ದಾರಿ, ಒಂದು ಹಳೆ ಮನಿಗೆ, ಇನ್ನೊಂದು 32ರ ಡಬಲ್ ಪೋಲ್ ಎಂಸಿಬಿ ಮ್ಯಾಲೆ ಹೊಸ ಕಡೆಗೆ. ಸಬ್ ಮೇನ್ ಅಂತೀವಿ ಇದಕ್ಕ. ಹೊಸ ಖೋಲ್ಯಾಗ ಅದರದ್ದೇ ಆದ ಡಿಬಿ ಇರಬೇಕು. ಎಸಿಗೆ ಬ್ಯಾರೆ ಎಂಸಿಬಿ, ಗೀಸರಿಗೆ ಬ್ಯಾರೆ, ವಾಶಿಂಗ್ ಮಶೀನಿಗೆ ಬ್ಯಾರೆ, ಲೈಟು ಫ್ಯಾನಿಗೆ ಬ್ಯಾರೆ. ಲೈಟಿಗೆ ದೀಡ್ ಸ್ಕ್ವೇರ್ ಸಾಕು, ಎಸಿ ಗೀಸರಿಗೆ 4 ಎಳೀರಿ. ಮೀಟರಿನ ಸೀಲ್ ಮಾತ್ರ ಯಾರೂ ಮುಟ್ಟಬ್ಯಾಡ್ರಿ, ಮಿಸ್ತ್ರಿ "ಮೀ ಬಘತೋ" (ನಾ ನೋಡ್ಕೋತೀನಿ) ಅಂದ್ರೂ.

ಈಗ ನನಗ ನೀವು ಹೇಳ್ರಿ. ಲೈಟ್ ಬಿಲ್ಲಿನ್ಯಾಗ "ಮಂಜೂರ ಭಾರ" (ಮಂಜೂರಾದ ಲೋಡ್) ಅಂತ ಎಷ್ಟು ಬರದಾರ? ಮೀಟರಿಂದ ಹಳೆ ಬೋರ್ಡಿಗೆ ಬಂದ ವಾಯರ್ ಎಷ್ಟು ದಪ್ಪ ಅದ? ಅಲ್ಲಿ ಹಸರು ವಾಯರ್ ಅಂತ ಏನರೆ ಕಾಣ್ತದೇನು? ಹೊಸ ಖೋಲಿ ಕೆಲಸ ಸರಳ, ತಲಿ ಕೆಡಸೋದು ಯಾವಾಗ್ಲೂ ಹಳೆ ಬೋರ್ಡೇ.

ವಾಕಡ್ ಟೆಕ್ಕಿ

ಕಾಕಾ ಹೇಳಿದ್ದು ಸರಿ ಇದೆ ಆದ್ರೆ ನನಗನ್ಸತ್ತೆ ಇಲ್ಲಿ ನೇರವಾಗಿ ತ್ರೀ ಫೇಸಿಗೆ ಹೋಗೋದೇ ಒಳ್ಳೇದು. ಮಹಾರಾಷ್ಟ್ರದಲ್ಲಿ ಸಿಂಗಲ್ ಫೇಸ್ ಕೊಡೋದು 40 ಆಂಪಿಯರ್ ತನಕ. ಹಳೇ ಮನೇಲೂ ಗೀಸರ್ ಇರತ್ತೆ, ನೀರಿನ ಮೋಟರ್ ಇರತ್ತೆ, ಇಸ್ತ್ರಿ ಪೆಟ್ಟಿಗೆ ಇರತ್ತೆ, ಬೆಳಗ್ಗೆ ಏಳೂವರೆಗೆ ಎರಡು ಸಂಸಾರ ಒಟ್ಟಿಗೆ ಸ್ನಾನಕ್ಕೆ ಹೊರಟ್ರೆ 40 ದಾಟೋದು ದೊಡ್ಡ ವಿಷ್ಯ ಅಲ್ಲ. ಮಹಾವಿತರಣದ (ಇಲ್ಲಿನ ಕರೆಂಟ್ ಕಂಪನಿ) ವೆಬ್‌ಸೈಟಲ್ಲೇ ಲೋಡ್ ಹೆಚ್ಚಿಸೋಕೆ ಅರ್ಜಿ ಹಾಕ್ಬಹುದು, ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಹತ್ರ ಟೆಸ್ಟ್ ರಿಪೋರ್ಟ್ ತಗೊಂಡಿರಬೇಕು, ಡಿಪಾಸಿಟ್ ವ್ಯತ್ಯಾಸ ಕಟ್ಟಬೇಕು. ನಿಮ್ಮ ಮಿಸ್ತ್ರಿಗೆ ಲೈಸೆನ್ಸ್ ಇದ್ಯಾ ಅಂತ ಮೊದಲು ಕೇಳಿ, ಇಲ್ಲಾಂದ್ರೆ ಕೆಲಸ ಅವರು ಮಾಡಿ ಸಹಿ ಇನ್ಯಾರೋ ಹಾಕೋ ವ್ಯವಸ್ಥೆ ಆಗತ್ತೆ, ಅದು ಇಲ್ಲಿ ಮಾಮೂಲು ಬಿಡಿ, ಆದ್ರೆ ಸಹಿ ಹಾಕೋನು ಒಂದ್ಸಲ ಬಂದು ನೋಡ್ಲಿ ಅಂತ ಹಟ ಹಿಡೀರಿ.

ಬೇರೆ ಮೀಟರ್ ಬಗ್ಗೆ. ಮನೆ ಬಳಕೆ ದರ ಇಲ್ಲಿ 100 ಯೂನಿಟ್, 300, 500, ಅದರ ಮೇಲೆ ಅಂತ ಮೆಟ್ಟಿಲು ಇದೆ, ಎರಡು ಮೀಟರ್ ಆದ್ರೆ ಎರಡು ಕಡೆನೂ ಕೆಳಗಿನ ಮೆಟ್ಟಿಲಲ್ಲೇ ಇರ್ಬಹುದು ಅನ್ನೋ ಆಸೆ ಎಲ್ರಿಗೂ ಇರತ್ತೆ, ಅದು ಕಂಪನಿಯವ್ರಿಗೂ ಗೊತ್ತು. ಅದಕ್ಕೇ ಒಂದೇ ಜಾಗ, ಒಂದೇ ಕುಟುಂಬ ಅಂದ್ರೆ ಸಾಮಾನ್ಯವಾಗಿ ಒಪ್ಪಲ್ಲ. ತಮ್ಮನ ಮನೆಗೆ ಬೇರೆ ಬಾಗಿಲು, ಬೇರೆ ಅಡುಗೆಮನೆ, ಆ ಭಾಗಕ್ಕೆ ಅವರ ಹೆಸರಲ್ಲಿ ಕಾಗದಪತ್ರ ಇದ್ರೆ ಎ-1 ಫಾರ್ಮ್ (ಹೊಸ ಕನೆಕ್ಷನ್ ಅರ್ಜಿ) ಹಾಕಿ ಕೇಳಬಹುದು. ಎರಡು ಖೋಲಿ ಒಂದು ಬಾತ್‌ರೂಮಿಗೆ ಸುಮ್ನೆ ಓಡಾಟ. ಕಟ್ಟಿರೋದಕ್ಕೆ ಮಹಾನಗರಪಾಲಿಕೆ ಪರ್ಮಿಷನ್ ಇದೆ ತಾನೆ? ಪಿಂಪ್ರಿ ಚಿಂಚವಾಡದಲ್ಲಿ ಶಾಸ್ತಿಕರದ (ಪರ್ಮಿಷನ್ ಇಲ್ದೆ ಕಟ್ಟಿದ್ದಕ್ಕೆ ಹಾಕ್ತಿದ್ದ ದಂಡದ ತೆರಿಗೆ) ರಗಳೆ ನೋಡಿದೋರಿಗೆ ಈ ಪ್ರಶ್ನೆ ಯಾಕೆ ಕೇಳ್ತಿದೀನಿ ಗೊತ್ತಾಗತ್ತೆ.

ಟ್ಯೂಷನ್ ವಿಷ್ಯಕ್ಕೆ ಹೆದರ್ಬೇಡಿ. ಮನೇಲೇ ಒಂದು ಭಾಗದಲ್ಲಿ ಸಣ್ಣ ವ್ಯಾಪಾರ ವ್ಯವಹಾರ ಮಾಡ್ಕೊಂಡಿದ್ರೂ ತಿಂಗಳಿಗೆ 300 ಯೂನಿಟ್, ವರ್ಷಕ್ಕೆ 3600 ಯೂನಿಟ್ ಒಳಗಿದ್ರೆ ಮನೆ ದರದಲ್ಲೇ ಬಿಲ್ ಮಾಡ್ತಾರೆ. ಆದ್ರೆ ಎರಡು ಸಂಸಾರ ಒಂದೇ ಮೀಟರಲ್ಲಿದ್ರೆ 300 ದಾಟೋದು ಗ್ಯಾರಂಟಿ, ಅದು ನೆನಪಿಟ್ಕೊಳ್ಳಿ. ಇನ್ನೊಂದು, ಈ ಮೀಟರಿಂದ ವಾಯರ್ ಎಳೆದು ಪಕ್ಕದ ಪ್ಲಾಟಿಗೋ ಅಂಗಡಿಗೋ ಯಾರಿಗೂ ಕೊಡ್ಬೇಡಿ. 2003ರ ವಿದ್ಯುತ್ ಕಾಯ್ದೆ 126ನೇ ಸೆಕ್ಷನ್ ಪ್ರಕಾರ ಮಂಜೂರಾದ ಜಾಗ ಬಿಟ್ಟು ಬೇರೆ ಜಾಗಕ್ಕೆ ಬಳಸೋದೂ ಅನಧಿಕೃತ ಬಳಕೆನೇ, ದರದ ಎರಡು ಪಟ್ಟು ಹಾಕ್ತಾರೆ, ಯಾವಾಗಿಂದ ಶುರು ಅಂತ ಗೊತ್ತಾಗ್ದೇ ಇದ್ರೆ ಹಿಂದಿನ 12 ತಿಂಗಳಿಗೆ.

ಚಿಂಚವಾಡದ ಬಿಜಾಪುರದಾಂವ

ಕಾಕಾ, ಬಿಲ್ ನೋಡಿದೆ, ಮಂಜೂರ ಭಾರ 2 ಕಿಲೋವ್ಯಾಟ್ ಅಂತ ಅದ, ಸಿಂಗಲ್ ಫೇಸ್. ಅಂದ್ರ ಈಗ ನಾವು ಬಳಸಾಕತ್ತಿದ್ದೇ ಅದಕ್ಕಿಂತ ಜಾಸ್ತಿ ಆತಲ್ಲ! ಮೀಟರಿಂದ ಬೋರ್ಡಿಗೆ ಬಂದ ವಾಯರ್ ಕಪ್ಪಗ ದಪ್ಪಗ ಅದ, ತುದಿ ಬೆಳ್ಳಗ ಕಾಣಸ್ತದ. ಬೋರ್ಡಿನ್ಯಾಗ ಚೀನೀ ಮಣ್ಣಿನ ಕಿಟ್‌ಕ್ಯಾಟ್ ಫ್ಯೂಸ್ ಎರಡು, ಬಾಜೂಕ ಆಮ್ಯಾಲೆ ಯಾರೋ ಹಾಕಿದ ಎಂಸಿಬಿ ನಾಕು. ಹಸರು ವಾಯರ್ ಒಂದು ಅದ ಖರೆ, ಅದು ಹೊರಗ ತುಳಸಿಕಟ್ಟಿ ಹತ್ರ ನೆಲದಾಗ ಹೋಗೇದ, ಅಲ್ಲಿ ಈಗ ಟೈಲ್ಸ್ ಹಾಕಿಬಿಟ್ಟೀವಿ.

ಪರ್ಮಿಷನ್ ಅದರೀ ಟೆಕ್ಕಿ ಸಾಹೇಬ್ರ, ನಕ್ಷೆ ಪಾಸ್ ಮಾಡಿಸೇ ಕೆಲಸ ಶುರು ಮಾಡೀವಿ. ತ್ರೀ ಫೇಸ್ ಮಾಡಿದ್ರ ಬಿಲ್ ಜಾಸ್ತಿ ಬರ್ತದ ಅಂತ ನಮ್ಮ ಬಾಜೂದವ್ರು ಹೆದರಸ್ಯಾರ.

ಕರೆಂಟ್ ಕಾಕಾ, ಭೋಸರಿ

ಬೆಳ್ಳಗ ಅಂದ್ರ ಅಲ್ಯೂಮಿನಿಯಮ್. ಮೀಟರಿನ ಈಚೆ ಇರೋದೆಲ್ಲಾ ನಿಮ್ಮದು, ಅದನ್ನ ತಾಮ್ರಕ್ಕ ಬದಲಸ್ರಿ, ಕಂಬದಿಂದ ಮೀಟರ್ ತನಕ ಇರೋದು ಮಹಾವಿತರಣದವರದ್ದು. ಅಲ್ಯೂಮಿನಿಯಮ್ಮಿಗೆ ತಾಮ್ರ ಹಂಗೇ ಸುತ್ತಿ ಟೇಪ್ ಹಚ್ಚಾಕ ಬಿಡಬ್ಯಾಡ್ರಿ, ಆ ಗಂಟು ವರ್ಷ ಎರಡು ವರ್ಷದಾಗ ಕರ್ರಗಾಗಿ ಕಾಯಾಕ ಶುರು ಆಗ್ತದ. ಕಿಟ್‌ಕ್ಯಾಟ್ ತಗದು ಹಾಕ್ರಿ. ಅದರಾಗ ಈಗ ಯಾವ ತಂತಿ ಅದ ನೋಡ್ರಿ, ಅರ್ಧ ಮನಿಗೋಳಾಗ ಫ್ಯೂಸ್ ತಂತಿ ಬದಲಿ ಸರ್ವಿಸ್ ವಾಯರಿನ ದಪ್ಪ ಎಳಿ ಹಾಕಿರ್ತಾರ.

ತ್ರೀ ಫೇಸ್ ಮಾತು. ಮಾಡಿದ್ರ ಯೂನಿಟ್ ಏನೂ ಜಾಸ್ತಿ ಓಡಂಗಿಲ್ಲ, ದರಾನೂ ಅದೇ, ಫಿಕ್ಸ್ಡ್ ಚಾರ್ಜ್ ಮಾತ್ರ ಸಿಂಗಲ್ ಫೇಸಿಗಿಂತ ಜಾಸ್ತಿ ಪ್ರತಿ ತಿಂಗಳಾ. ಟೆಕ್ಕಿಯವ್ರು ಹೇಳೋದು ತಪ್ಪಲ್ಲ. ಆದ್ರ ತ್ರೀ ಫೇಸಿನ್ಯಾಗ ಒಂದು ಕುತ್ತು ಅದ, ನ್ಯೂಟ್ರಲ್ ಎಲ್ಲೆರೆ ಸಡಲ ಆತಂದ್ರ ಕಮ್ಮಿ ಲೋಡ್ ಇದ್ದ ಫೇಸಿನ್ಯಾಗ ವೋಲ್ಟೇಜ್ 300 ದಾಟಿ ಏರಿಬಿಡ್ತದ, ಟಿವಿ ಫ್ರಿಜ್ ಎಲ್ಲಾ ಒಂದೇ ಹೊಡ್ತಕ್ಕ ಹೋಗ್ತಾವ. ಕೆಲಸ ಮಾಡಾಂವ ಗಟ್ಟಿ ಇದ್ರ ಮಾಡ್ಕೋರಿ. ನನ್ನ ಕೇಳಿದ್ರ ಈಗ ಸಿಂಗಲ್ ಫೇಸಿನ್ಯಾಗೇ ಲೋಡ್ 8 ಕಿಲೋವ್ಯಾಟ್ ಮಾಡಿಸಿ ಮುಗಸ್ರಿ, ಗೇಟಿಂದ ಹೊಸ ಖೋಲಿಗೆ ಹೋಗೋ ಪೈಪ್ ಮಾತ್ರ 32 ಎಂಎಂ ದೊಡ್ಡದು ಹಾಕಿಡ್ರಿ, ಮುಂದ ಬೇಕಂದಾಗ ಇನ್ನೆರಡು ಫೇಸ್ ಎಳೀಬಹುದು. ಇಂಡಕ್ಷನ್ ಮ್ಯಾಲೇ ದಿನಾ ಎರಡು ಹೊತ್ತು ಅಡಗಿ ಅಂದ್ರ ಮಾತ್ರ ಈಗಲೇ ತ್ರೀ ಫೇಸ್.

2 ಕಿಲೋವ್ಯಾಟ್ ಮಂಜೂರಿ ಮ್ಯಾಲೆ ಎರಡು ಸಂಸಾರ ನಡಸಬ್ಯಾಡ್ರಿ. ಮಂಜೂರಿ ಆದದ್ದಕ್ಕಿಂತ ಜಾಸ್ತಿ ಎಳದ್ರ ಹೊರಗಿನ ಸರ್ವಿಸ್ ವಾಯರ್ ಸುಡ್ತದ, ಆಮ್ಯಾಲೆ ಮಳಿಗಾಲದ ರಾತ್ರಿ ವಾಯರ್‌ಮನ್ ದಾರಿ ಕಾಯೋ ಪಾಳಿ ನಿಮ್ಮದೇ.

ಡೊಂಬಿವಲಿ ಮಾಣಿ

ನಾನೊಂದು ಹೇಳ್ತೇನೆ, ಇಷ್ಟೆಲ್ಲ ಮಾತಾಡಿದ್ರಿ ಆದ್ರೆ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಟ್ರಿಪ್ ಆಗುವ ಸ್ವಿಚ್) ವಿಷಯ ಯಾರೂ ತೆಗೀಲೇ ಇಲ್ಲ ಮಾರಾಯ್ರೆ. ಎಂಸಿಬಿ ಮನುಷ್ಯನನ್ನು ಉಳಿಸುದಿಲ್ಲ. ಗೀಸರ್ ಬಾಡಿಗೆ ಕರೆಂಟ್ ಬಂದು ಒದ್ದೆ ಕೈಯಲ್ಲಿ ಮುಟ್ಟಿದ್ರೆ ನಿಮ್ಮ ಮೈಯಲ್ಲಿ ಹೋಗುದು ಒಂದು ಆಂಪಿಯರಿಗಿಂತ ಎಷ್ಟೋ ಕಮ್ಮಿ, 16ರ ಎಂಸಿಬಿಗೆ ಅದು ಗೊತ್ತೇ ಆಗುದಿಲ್ಲ. ಹೊಸ ಡಿಬಿಯ ಬಾಯಲ್ಲೇ 40 ಆಂಪಿಯರ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕ್ಲೇಬೇಕು. ಆ 40 ಅಂತ ಬರ್ದದ್ದು ಅದು ತಡ್ಕೊಳ್ಳುವ ಕರೆಂಟ್, ಓವರ್‌ಲೋಡಿಗೆ ಅದು ಟ್ರಿಪ್ ಆಗುದಿಲ್ಲ, ಅದಕ್ಕೆ ಎಂಸಿಬಿಯೇ ಬೇಕು. ಎರಡೂ ಬೇಕು.

ಈಗ ಗಲಾಟೆ ಎಲ್ಲಿ ಆಗುದು ಅಂದ್ರೆ ಹಳೇ ಮನೆ ಹೊಸ ಮನೆ ಕೂಡಿಸುವಲ್ಲಿ. ಆರ್‌ಸಿಸಿಬಿ ನೋಡುದು ಇಷ್ಟೇ, ಫೇಸಲ್ಲಿ ಹೋದದ್ದು ನ್ಯೂಟ್ರಲಲ್ಲಿ ವಾಪಸ್ ಬಂತಾ ಇಲ್ವಾ. ನಿಮ್ಮ ಹಳೇ ಮನೆ ಹಿಂಬಾಗಿಲು ಮತ್ತೆ ಹೊಸ ರೂಮಿನ ಮಧ್ಯೆ ಒಂದು ಲೈಟು ಬರ್ತದೆ, ಎರಡೂ ಕಡೆಯಿಂದ ಹಾಕಿ ಆರಿಸ್ಲಿಕ್ಕೆ ಟೂ ವೇ ಸ್ವಿಚ್ ಇಡ್ತಾರೆ. ಮಿಸ್ತ್ರಿ ಏನು ಮಾಡ್ತಾನೆ, ಫೇಸ್ ಹಳೇ ಬೋರ್ಡಿಂದ ತಗೊಳ್ತಾನೆ, ನ್ಯೂಟ್ರಲ್ ಹತ್ರ ಸಿಕ್ಕಿದ ಹೊಸ ಡಿಬಿಯಿಂದ. ಆ ಲೈಟ್ ಹಾಕಿದ ಕೂಡ್ಲೆ ಹೊಸ ಮನೆ ಪೂರಾ ಕತ್ತಲೆ. ಆಮೇಲೆ ಮಿಸ್ತ್ರಿ ಆರ್‌ಸಿಸಿಬಿಯೇ ಖರಾಬ್ ಅಂತ ಹೇಳಿ ಅದನ್ನು ಬೈಪಾಸ್ ಮಾಡಿ ದುಡ್ಡು ತಗೊಂಡು ಹೋಗ್ತಾನೆ. ಇದು ನಮ್ಮ ಕಡೆ ಎಷ್ಟು ಮನೆಯಲ್ಲಿ ಉಂಟು ಅಂದ್ರೆ ಲೆಕ್ಕ ಇಲ್ಲ. ಆ ಲೈಟ್ ಪೂರ್ತಿ ಒಂದೇ ಕಡೆಯ ಡಿಬಿಯಲ್ಲಿರ್ಲಿ, ಫೇಸೂ ಅಲ್ಲಿದೇ, ನ್ಯೂಟ್ರಲೂ ಅಲ್ಲಿದೇ.

ಇನ್ವರ್ಟರ್ ಉಂಟಾ ನಿಮ್ಮಲ್ಲಿ? ಉಂಟಾದ್ರೆ ಅದೂ ಹೀಗೆಯೇ. ಹಳೇ ಮನೆ ಇನ್ವರ್ಟರಿಂದ ಹೊಸ ರೂಮಿನ ಫ್ಯಾನಿಗೆ ಬರೀ ಒಂದು ಫೇಸ್ ವಾಯರ್ ಎಳ್ದು ನ್ಯೂಟ್ರಲ್ ಇಲ್ಲಿಂದ ಕೊಟ್ರೆ ಅದೇ ಕಥೆ. ಇನ್ವರ್ಟರಿನ ಫೇಸ್, ನ್ಯೂಟ್ರಲ್ ಎರಡೂ ಜೊತೆಯಾಗಿ ಬರ್ಬೇಕು, ಹೊಸ ಡಿಬಿಯ ನ್ಯೂಟ್ರಲ್ ಪಟ್ಟಿಗೆ ಅದು ತಾಗ್ಲೇಬಾರ್ದು. ಮತ್ತೆ ಡಿಬಿ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ "ಇನ್ವರ್ಟರ್ ಲೈನ್ ಬೇರೆ ಉಂಟು" ಅಂತ ಬರ್ದು ಅಂಟಿಸಿ. ನಾಳೆ ಯಾರೋ ಮೇನ್ ಬಂದ್ ಮಾಡಿ ಫ್ಯಾನ್ ಬಿಚ್ಚಲಿಕ್ಕೆ ಹತ್ತಿದ್ರೆ ಅದ್ರಲ್ಲಿ ಕರೆಂಟ್ ಇರ್ತದೆ.

ಚಿಂಚವಾಡದ ಬಿಜಾಪುರದಾಂವ

ಇನ್ವರ್ಟರ್ ಅದರೀ, ಮತ್ತ ಮಿಸ್ತ್ರಿ ಖರೇನ ಹಂಗೇ ಒಂದು ವಾಯರ್ ಎಳಿಯೋ ಮಾತು ಆಡಿದ್ದ! ಹಿಂಬಾಗಲ ಲೈಟೂ ಪ್ಲಾನಿನ್ಯಾಗ ಅದ. ಛಲೋ ಆತು ಕೇಳಿದ್ದು. ಈ ಆರ್‌ಸಿಸಿಬಿ ಹಳೆ ಮನಿಗೂ ಹಾಕಸಬೇಕೇನು?

ಡೊಂಬಿವಲಿ ಮಾಣಿ

ಹಾಕಿದ್ರೆ ಒಳ್ಳೇದೇ, ಆದ್ರೆ ಮೂವತ್ತು ವರ್ಷದ ವಾಯರಿಂಗ್ ಅಲ್ವಾ, ಹಾಕಿದ ದಿನದಿಂದ್ಲೇ ಕುಣೀಲಿಕ್ಕೆ ಶುರು ಮಾಡ್ತದೆ. ಎಲ್ಲೋ ಗೋಡೆ ತೇವ, ಎಲ್ಲೋ ಎರಡು ಸರ್ಕ್ಯೂಟಿನ ನ್ಯೂಟ್ರಲ್ ಒಟ್ಟಿಗೆ ಕಟ್ಟಿರ್ತಾರೆ. ಒಂದೊಂದೇ ಸರ್ಕ್ಯೂಟ್ ಬಿಡಿಸಿ ಹುಡುಕ್ಬೇಕು. ಅದಕ್ಕೇ ಹಳೆಯದಕ್ಕೆ ಒಂದು, ಹೊಸದಕ್ಕೆ ಒಂದು, ಬೇರೆ ಬೇರೆ ಹಾಕಿ. ಮೀಟರ್ ಹತ್ರ ಎರಡಕ್ಕೂ ಸೇರಿಸಿ ಒಂದೇ ಹಾಕಿದ್ರೆ ಹಳೇ ಮನೆ ಬಚ್ಚಲಿನ ತೇವಕ್ಕೆ ತಮ್ಮನ ಎಸಿ ಬಂದ್ ಆಗ್ತದೆ, ಮತ್ತೆ ಮಧ್ಯರಾತ್ರಿ ಅತ್ತಿಗೆ ಮೈದುನನ ಜಗಳ ಬಿಡಿಸ್ಲಿಕ್ಕೆ ನೀವೇ ಏಳ್ಬೇಕು. ಟೆಸ್ಟ್ ಬಟನ್ ಆವಾಗಾವಾಗ ಒತ್ತಿ ನೋಡ್ತಾ ಇರಿ.

ಶಿರ್ಸಿ ಟು ಫೋಂಡಾ

ನಾನು ಗೋವಾದಲ್ಲಿ ಇರೋದು, ಇಲ್ಲಿ ಕರೆಂಟ್ ಸರ್ಕಾರಿ ಇಲಾಖೆದು, ದರ ಅರ್ಜಿ ಎಲ್ಲ ಬೇರೆ, ಹಾಗಾಗಿ ಮೀಟರ್ ವಿಷಯಕ್ಕೆ ಬರೋದಿಲ್ಲ. ಆದ್ರೆ ಅಂಗಳ ದಾಟಿ ವಾಯರ್ ಒಯ್ಯೋದು, ಅರ್ಥಿಂಗ್, ಈ ಎರಡು ನಮ್ಮ ಕಡೆ ಮಳೆಗೆ ಚೆನ್ನಾಗಿ ಅನುಭವಕ್ಕೆ ಬರ್ತದೆ.

ನಿಮ್ಮ ಸಬ್ ಮೇನ್ ಕಂಪೌಂಡ್ ಗೋಡೆ ಮೇಲೆ ಪೈಪಲ್ಲಿ ಹೋಗ್ತದೋ ನೆಲದಲ್ಲೋ? ಗೋಡೆ ಮೇಲಾದ್ರೆ ಬಿಸಿಲಿಗೆ ಸಾದಾ ಪಿವಿಸಿ ಪೈಪ್ ಮೂರ್ನಾಲ್ಕು ಬೇಸಿಗೆಗೆ ಹಪ್ಪಳದ ಹಾಗೆ ಮುರೀತದೆ, ದಪ್ಪದ್ದು ತಗೊಳ್ಳಿ, ಬಾಗೋ ಕಡೆ ಪೆಟ್ಟಿಗೆಯ ಬಾಯಿ ಕೆಳಮುಖ ಇರಲಿ, ನೀರು ಮೇಲಿಂದ ಇಳಿದು ಡಿಬಿ ಒಳಗೇ ಬರಬಾರ್ದು. ನೆಲದಲ್ಲಿ ಆದ್ರೆ ಆರ್ಮರ್ಡ್ ಕೇಬಲ್ಲೇ ಹಾಕಿ, ಮನೆ ವಾಯರ್ ಪೈಪಲ್ಲಿ ತುರುಕಿ ಹೂಳೋದು ಬೇಡ, ಮಳೆಗಾಲದಲ್ಲಿ ಪೈಪಲ್ಲಿ ನೀರು ನಿಂತೇ ನಿಲ್ತದೆ. ಮುಕ್ಕಾಲು ಮೀಟರ್ ಆಳ, ಕೇಬಲ್ ಕೆಳಗೂ ಮೇಲೂ ಮರಳು, ಅದರ ಮೇಲೆ ಒಂದು ಸಾಲು ಇಟ್ಟಿಗೆ. ಇಟ್ಟಿಗೆ ಯಾಕಂದ್ರೆ ನಾಳೆ ನಲ್ಲಿ ಪೈಪಿಗೆ ಅಗಿಯೋನ ಗುದ್ದಲಿ ಮೊದಲು ಇಟ್ಟಿಗೆಗೆ ತಾಗಲಿ ಅಂತ. ಕೇಬಲ್ ಸುತ್ತಿರೋ ಆ ಕಬ್ಬಿಣದ ತಂತಿ ಇದೆಯಲ್ಲ, ಅದನ್ನೂ ಅರ್ಥಿಗೆ ಸೇರಿಸ್ಬೇಕು. ಬಹಳ ಜನ ಅದನ್ನ ಕತ್ತರಿಸಿ ಸುಮ್ನೆ ಬಿಟ್ಟಿರ್ತಾರೆ.

ಅರ್ಥಿಂಗ್. ಟೈಲ್ಸ್ ಅಡಿ ಹೋದ ಹಳೇದನ್ನ ನಂಬಬೇಡಿ. ಹೊಸ ರೂಮಿನ ಹಿಂದೆ, ಬಚ್ಚಲು ನೀರು ಹೋಗೋ ಕಡೆ ಯಾವಾಗಲೂ ತಂಪಿರೋ ಜಾಗದಲ್ಲಿ ಒಂದು ಪೈಪ್ ಅರ್ಥಿಂಗ್ ಮಾಡಿಸಿ, ಎರಡೂವರೆ ಮೀಟರ್ ಆಳಕ್ಕೆ ಜಿಐ ಪೈಪ್, ಮೇಲೆ ನೀರು ಹಾಕ್ಲಿಕ್ಕೆ ಬಾಯಿ, ಮುಚ್ಚಳ. ನಮ್ಮಲ್ಲಿ ಚಿರೇಕಲ್ಲಿನ ನೆಲ, ಏಪ್ರಿಲ್ ಮೇ ಬಂತಂದ್ರೆ ಒಣಗಿ ಅರ್ಥ್ ಸಿಗೋದೇ ಇಲ್ಲ, ನಿಮ್ಮ ಪುಣೆದು ಕಪ್ಪು ಮಣ್ಣೋ ಮುರುಮೋ ನೋಡ್ಕೊಳ್ಳಿ, ಮುರುಮು ಆದ್ರೆ ಸ್ವಲ್ಪ ನಮ್ಮ ಹಾಗೇ. ಹೊಸ ಅರ್ಥಿಂಗನ್ನ ಹಳೇ ಬೋರ್ಡಿನ ಅರ್ಥಿಗೂ ಒಂದು ಹಸಿರು ವಾಯರಲ್ಲಿ ಕೂಡಿಸಿ. ಎರಡು ಬೇರೆ ಬೇರೆ ಬಿಟ್ರೆ ಹಳೇ ಮನೆ ಫ್ರಿಜ್ಜಿಗೂ ಹೊಸ ಮನೆ ವಾಶಿಂಗ್ ಮಶೀನಿಗೂ ಮಧ್ಯೆ ನಿಂತು ಮುಟ್ಟಿದೋರಿಗೆ ಝಟ್ಕಾ ಹೊಡೀಬಹುದು.

ಮಿಸ್ತ್ರಿ ಬಲ್ಬ್ ಹಚ್ಚಿ ತೋರಿಸಿ ಅರ್ಥಿಂಗ್ ಓಕೆ ಅಂದ್ರೆ ಅಷ್ಟಕ್ಕೇ ಸುಮ್ಮನಾಗಬೇಡಿ. ನೂರು ವ್ಯಾಟ್ ಬಲ್ಬಿಗೆ ಅರ್ಧ ಆಂಪಿಯರೂ ಬೇಡ, ಅರೆಬರೆ ಅರ್ಥಿಂಗಿಗೂ ಅದು ಉರೀತದೆ. ಅರ್ಥ್ ಟೆಸ್ಟರ್ ತರಲಿ, 5 ಓಮ್ ಒಳಗೆ ಬಂದ್ರೆ ಖುಷಿ ಪಡಿ. ಅಷ್ಟು ಬರದಿದ್ರೂ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ತನ್ನ ಕೆಲಸ ಮಾಡ್ತದೆ, ಮಾಣಿ ಅವರು ಅದಕ್ಕೇ ಅಷ್ಟು ಒತ್ತಿ ಹೇಳಿದ್ದು. ಆರ್‌ಸಿಸಿಬಿ ಹಾಕಿದ ಮೇಲೆ ಆ ಬಲ್ಬ್ ಪರೀಕ್ಷೆ ಮಾಡಿದ್ರೆ ಬಲ್ಬ್ ಉರಿಯೋದೇ ಇಲ್ಲ, ಟಕ್ ಅಂತ ಟ್ರಿಪ್ ಆಗ್ಬೇಕು.

ವಾಕಡ್ ಟೆಕ್ಕಿ

ಒಂದು ಸೇರಿಸ್ತೀನಿ. ಪ್ಲಾಸ್ಟರ್ ಆಗಿಲ್ಲ ಅಂದ್ರಲ್ಲ, ಹೊಸ ಸ್ಲ್ಯಾಬ್ ಮೇಲಿಂದ ಮೀಟರ್ ಹತ್ರಕ್ಕೆ ಒಂದು ಖಾಲಿ ಪೈಪ್ ಇಳಿಸಿಡಿ. ಇವತ್ತಲ್ಲ ನಾಳೆ ಸೋಲಾರ್ ಹಾಕ್ತೀರ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೇಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಅದರ ಮೇಲೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಎರಡು ಸಂಸಾರ ಒಂದೇ ಮೀಟರ್ ಅಂದಾಗ ಮೇಲಿನ ಮೆಟ್ಟಿಲಿನ ದರ ತಪ್ಪಿಸೋಕೆ ಎರಡನೇ ಮೀಟರಿನ ಹಿಂದೆ ಬೀಳೋದಕ್ಕಿಂತ ಇದು ನೇರ ದಾರಿ. ಇಂಟರ್ನೆಟ್ ವಾಯರಿಗೂ ಬೇರೆ ಪೈಪ್, ಪವರ್ ಜೊತೆ ಒಂದೇ ಪೈಪಲ್ಲಿ ತುರುಕಬೇಡಿ.

ಮತ್ತೆ ಹೊಸ ಡಿಬಿ ಒಳಗೆ ಒಂದು ಸಣ್ಣ ಸಬ್ ಮೀಟರ್ ಹಾಕಿಸಿ, ಎಂಸಿಬಿ ಪಕ್ಕದಲ್ಲೇ ಪಟ್ಟಿ ಮೇಲೆ ಕೂರತ್ತೆ. ಅದು ನಿಮ್ಮ ನಿಮ್ಮ ಲೆಕ್ಕಕ್ಕೆ ಮಾತ್ರ. ಅಣ್ಣ ತಮ್ಮ ಚೆನ್ನಾಗಿರೋವಾಗ್ಲೇ ಹಾಕಿಸೋದು ಒಳ್ಳೇದು, ಏಪ್ರಿಲ್ ಬಿಲ್ ಬಂದ ಮೇಲೆ ಹಾಕಿಸಿದ್ರೆ ಅದಕ್ಕೆ ಬೇರೆ ಅರ್ಥ ಬರತ್ತೆ :)

ಕರೆಂಟ್ ಕಾಕಾ, ಭೋಸರಿ

ಸಬ್ ಮೀಟರ್ ಛಲೋ ಸಲಹೆ. ಬಿಲ್ ಹಂಚೋ ಮುಂದ ಮಾತ್ರ ಸರಾಸರಿ ದರ ಹಿಡೀರಿ, ಒಟ್ಟು ಬಿಲ್ ಭಾಗಿಸು ಒಟ್ಟು ಯೂನಿಟ್. ಇಲ್ಲಾಂದ್ರ "300 ದಾಟಿದ್ದು ನಿನ್ನ ಎಸಿಯಿಂದ, ಮ್ಯಾಲಿನ ದರ ನೀನು ಕೊಡು" ಅಂತ ಶುರು ಆಗ್ತದ.

ವಾಯರ್ ತಗೊಳ್ಳೋ ಮುಂದ ತಪಕೀರ್ ಗಲ್ಲಿಗೆ (ಪುಣೆಯ ಇಲೆಕ್ಟ್ರಿಕ್ ಸಾಮಾನಿನ ಪ್ಯಾಟಿ) ಒಮ್ಮೆ ಹೋಗಿಬರ್ರಿ, ನಮ್ಮ ಕಡೆ ಅಂಗಡಿಗಿಂತ ದರದಾಗ ಫರಕ್ ಬೀಳ್ತದ. ಆದ್ರ ಭಾಳ ಸೋವಿ ಕೊಡ್ತೀನಿ ಅಂದವನ ಹತ್ರ ಬ್ಯಾಡ. ಐಎಸ್‌ಐ ಗುರ್ತು ವಾಯರ್ ಮೈಮ್ಯಾಲೆ ಉದ್ದಕ್ಕೂ ಅಚ್ಚಾಗಿರಬೇಕು, ಬರೇ ಡಬ್ಬಿ ಮ್ಯಾಲೆ ಇದ್ರ ಸಾಲದು, 90 ಮೀಟರಿನ ಕಾಯಿಲ್ ಪಕ್ಕಾ ಬಿಲ್ ಮ್ಯಾಲೆ ತಗೋರಿ. 10 ಸ್ಕ್ವೇರಿಂದು ಪೂರಾ ಕಾಯಿಲ್ ಬೇಕಾಗಂಗಿಲ್ಲ ನಿಮಗ, ಮೀಟರ್ ಲೆಕ್ಕದಾಗ ಕತ್ತರಿಸಿ ಕೊಡ್ತಾರ, ತಿರುವಿಗೆ ಡಿಬಿಗೆ ಅಂತ ಎರಡು ಮೀಟರ್ ಜಾಸ್ತಿ ಹಿಡೀರಿ, ದಾರ್ಯಾಗ ಜೋಡಣಿ ಮಾತ್ರ ಒಂದೂ ಇರಬಾರದು. ಫೇಸ್ ಕೆಂಪು, ನ್ಯೂಟ್ರಲ್ ಕರ್ರಂದು, ಅರ್ಥ್ ಹಸರು, ಈ ಬಣ್ಣ ತಪ್ಪಸಾಕ ಬಿಡಬ್ಯಾಡ್ರಿ. ಉಳದ ಹಸರು ವಾಯರ್ ಫೇಸಿಗೆ ಬಳಸೋ ಚಟ ಭಾಳ ಮಂದಿಗೆ ಅದ.

ಮಿಸ್ತ್ರಿನ್ನ ಬಿಡಬ್ಯಾಡ್ರಿ ಮತ್ತ. ಕೈ ಕೆಲಸ ಅವಂಗ ಬರ್ತದ, ಗೋಡಿ ಕೊರಿಯೋದು, ಪೈಪ್ ಹಾಕೋದು ಎಲ್ಲಾ ಅವನೇ ಮಾಡ್ಲಿ. ಡಿಬಿ ಕಟ್ಟೋದು, ಮೀಟರ್ ಹತ್ರದ ಕೆಲಸ, ಟೆಸ್ಟ್ ರಿಪೋರ್ಟ್ ಇವು ಲೈಸೆನ್ಸಿನವನ ಕಡಿಂದ.

ಚಿಂಚವಾಡದ ಬಿಜಾಪುರದಾಂವ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಮಿಸ್ತ್ರಿ ಕೂಡ ಮಾತಾಡಿದೆ, ಮದಲ ಸಿಟ್ಟಿಗೆದ್ದ, ಆಮ್ಯಾಲೆ ಟೂ ವೇ ಸ್ವಿಚ್ಚಿಂದು ಹೇಳಿದ ಕೂಡ್ಲೇ ಸುಮ್ಮನಾಗಿ "ಹಾಂ, ತೇ ಹೋತಂ ಖರಂ" (ಹೌದು, ಹಂಗ ಆಗ್ತದ ಖರೆ) ಅಂದ. ಅವನ ಪರಿಚಯದಾಂವನೇ ಒಬ್ಬ ಲೈಸೆನ್ಸ್ ಇದ್ದವ ನಿಗಡಿಯಾಗ ಇದ್ದಾನಂತ, ರವಿವಾರ ಬಂದು ನೋಡ್ತಾನ. ಸಿಂಗಲ್ ಫೇಸೇ ಇಡ್ತೀವಿ, ತಮ್ಮನ ಹೆಂಡ್ತಿ ಗ್ಯಾಸ್ ಮ್ಯಾಲೇ ಅಡಗಿ ಮಾಡೋದಂತ, ಇಂಡಕ್ಷನ್ ಚಹಾಕ್ಕ ಅಷ್ಟೇ. ಗೋಡಿ ಮ್ಯಾಲೇ ಪೈಪ್, ನೆಲಾ ಅಗಿಯಾಕ ಆಗಂಗಿಲ್ಲ, ಒಳಚರಂಡಿ ಪೈಪ್ ಅದೇ ದಾರ್ಯಾಗ ಹೋಗೇದ.

ಕಡೀಕ ಒಂದು ಕೇಳೋದು ಉಳೀತು. ಗೀಸರಿನ ಸ್ವಿಚ್ ಬಾತ್‌ರೂಮ್ ಒಳಗೋ ಹೊರಗೋ? ಮನ್ಯಾಗ ಇದರ ಮ್ಯಾಲೆ ಎರಡು ಪಾರ್ಟಿ ಆಗ್ಯಾವ.

ಕರೆಂಟ್ ಕಾಕಾ, ಭೋಸರಿ

ಹೊರಗ. 20 ಆಂಪಿಯರಿಂದು ಡಬಲ್ ಪೋಲ್ ಸ್ವಿಚ್, ಲಾಲ್ ಇಂಡಿಕೇಟರ್ ಇದ್ದದ್ದು, ಆವಾಗ ಫೇಸು ನ್ಯೂಟ್ರಲ್ ಎರಡೂ ಕಟ್ ಆಗ್ತಾವ. ಬಾತ್‌ರೂಮ್ ಲೈಟಿನ ಸ್ವಿಚ್ಚೂ ಹೊರಗ. ಒಳಗ ಬೇಕು ಅನ್ನೋ ಪಾರ್ಟಿಯವ್ರಿಗೆ ನನ್ನ ನಂಬರ್ ಕೊಡ್ರಿ, ನಾ ಮಾತಾಡ್ತೀನಿ.